ಮಂಗ ಸತ್ತರೆ ಫೋನ್ ಹೋಗುತ್ತದೆ, ಮೀನು ಸತ್ತರೆ?

ನಮಸ್ಕಾರ. ಇವತ್ತಿನದು ಅಡಿಕೆ ರೇಟಿನ ವಿಷಯ ಅಲ್ಲ, ಹಾಗಾಗಿ ಅರ್ಧ ಜನ ಈಗಲೇ ಎದ್ದು ಹೋಗಬಹುದು. ಆದರೂ ಸ್ವಲ್ಪ ಹೊತ್ತು ಕೂತುಕೊಳ್ಳಿ, ಹೊಲಕ್ಕೆ, ತೋಟಕ್ಕೆ ಹೊಡೆದ ಔಷಧಿ ನಿಮ್ಮ ಮನೆ ಬಾವಿಗೆ ಇಳಿಯುವ ವಿಷಯ ಇದು.

ಒಂದು ಮೂಟೆ ಯೂರಿಯಾ ಬೇಕು ಅಂದರೆ ಆಧಾರ್ ನಂಬರ್ ಕೊಟ್ಟು ಮಷೀನ್ ಮೇಲೆ ಹೆಬ್ಬೆಟ್ಟು ಒತ್ತಬೇಕು. 2018ರಿಂದ ದೇಶದಲ್ಲೆಲ್ಲ ಇದೇ ಪದ್ಧತಿ. ಯಾರು ಎಷ್ಟು ಮೂಟೆ ಒಯ್ದರು ಅನ್ನುವುದು ದೆಹಲಿಯಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಈಗ ಅದೇ ಬೀದಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗಿ ಶುಂಠಿಗೆ ಹೊಡೆಯುವ ಔಷಧಿಯನ್ನೋ ಕಳೆನಾಶಕವನ್ನೋ ಕೇಳಿ. ದುಡ್ಡು ಕೊಟ್ಟರೆ ಮುಗಿಯಿತು. ಅಂಗಡಿಯವರು ಸ್ಟಾಕ್ ರಿಜಿಸ್ಟರ್ ಇಡಬೇಕು ಅಂತ ಕಾನೂನಿದೆ, ಇಡುತ್ತಾರೆ ಕೂಡ. ಆದರೆ ಆ ಬಾಟಲಿ ಯಾವ ಊರಿನ ಯಾವ ಹೊಲಕ್ಕೆ ಹೋಯಿತು, ಯಾವ ದಿನ ಹೊಡೆದರು, ಆ ಹೊಲದ ಕೆಳಗೆ ಯಾರ ಬಾವಿ ಇದೆ ಅನ್ನುವುದು ಆ ರಿಜಿಸ್ಟರಿನಲ್ಲಿ ಸಿಗುವುದಿಲ್ಲ. ಯೂರಿಯಾಕ್ಕೆ ಸಬ್ಸಿಡಿ ಇದೆ, ಹಾಗಾಗಿ ಸರ್ಕಾರಕ್ಕೆ ಲೆಕ್ಕ ಬೇಕು. ವಿಷದ ಲೆಕ್ಕ ಇಟ್ಟುಕೊಂಡು ಯಾರಿಗೆ ಏನಾಗಬೇಕು ಹೇಳಿ.

ಹಾಗಂತ ನಮ್ಮಲ್ಲಿ ಪರೀಕ್ಷೆಗಳೇ ನಡೆಯುವುದಿಲ್ಲ ಅಂತಲ್ಲ. ಬೇಕಾದಷ್ಟು ನಡೆಯುತ್ತವೆ. ತುಂಗಾ, ಭದ್ರಾ ನೀರನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷೆ ಮಾಡುತ್ತದೆ. ಹಳ್ಳಿಯ ನಲ್ಲಿ ನೀರನ್ನು ಜಲ ಜೀವನ್ ಮಿಷನ್ ಕಿಟ್‌ನಲ್ಲಿ ಪಂಚಾಯಿತಿ ಮಟ್ಟದಲ್ಲೇ ನೋಡುತ್ತಾರೆ. ಮಣ್ಣಿಗೆ ಕೃಷಿ ಇಲಾಖೆಯ ಕಾರ್ಡ್ ಇದೆ. ತರಕಾರಿ, ಮಸಾಲೆ ಸ್ಯಾಂಪಲ್ ತೆಗೆಯುವುದು ಆಹಾರ ಸುರಕ್ಷತೆಯವರು. ಆಸ್ಪತ್ರೆಯಲ್ಲಿ ರೋಗಿಯ ದಾಖಲೆ ಬೇರೆ. ಇಷ್ಟೂ ಜನರ ಆಫೀಸು ಶಿವಮೊಗ್ಗದಲ್ಲೇ ಒಂದು ಆಟೋ ದೂರದಲ್ಲಿ ಇದ್ದರೂ ಒಬ್ಬರ ಫೈಲ್ ಇನ್ನೊಬ್ಬರ ಟೇಬಲ್‌ಗೆ ಹೋಗುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಹೊಸ ಲ್ಯಾಬ್ ಕಟ್ಟಿ ಅಂತ ನಾನು ಕೇಳುತ್ತಿಲ್ಲ, ಇರುವ ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ ಅಂತಿದ್ದೇನೆ.

ನಮ್ಮದೇ ಅಡಿಕೆ ತೋಟದ ಕಥೆ ತಗೊಳ್ಳೋಣ. ಮಳೆಗಾಲದಲ್ಲಿ ಕಾಯಿ ಕೊಳೆಸುವ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ಮಲೆನಾಡಲ್ಲಿ ತೋಟ ಉಳಿಯುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ ಇದನ್ನು ಅಡಿಕೆಗೆ ಹೊಂದಿಸಿಕೊಟ್ಟು ನೂರು ವರ್ಷ ದಾಟಿತು. 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತನ್ನು ಒಂದು ಕಡೆ ಕರಗಿಸಿ, ಸುಣ್ಣ ಇನ್ನೊಂದು ಕಡೆ ಕಲಸಿ, ಡ್ರಮ್ಮಿಗೆ ಹಾಕಿ ತಿರುವಿ, ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರಲ್ಲ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕು ಅಂತ. ಓದು ಬರಹ ಬಾರದವರೂ ತೋಟದಲ್ಲಿ ನಿಂತು ಮಾಡುವ ಪಕ್ಕಾ ಕೆಮಿಸ್ಟ್ರಿ ಪರೀಕ್ಷೆ ಅದು. ಅಲಗಿನ ಮೇಲೆ ಕೂರುವ ಆ ಕೆಂಪೇ ತಾಮ್ರ.

ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. 200 ಲೀಟರ್ ಡ್ರಮ್ಮು ಒಂದು ಖಾಲಿಯಾದರೆ ಅರ್ಧ ಕಿಲೋ ತಾಮ್ರ ತೋಟಕ್ಕೆ ಬಿದ್ದಂತೆ. ಮಳೆಗಾಲಕ್ಕೆ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮತ್ತೊಂದು ಸಲ. ಅಜ್ಜನ ಕಾಲದಿಂದ ಇದೇ ನಡೆದಿದೆ. ತಾಮ್ರ ಲೋಹ ನೋಡಿ, ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಂಡು ಮೇಲ್ಮಣ್ಣಲ್ಲೇ ಕೂರುತ್ತದೆ, ಎರೆಹುಳುವಿಗೆ ಕಂಟಕ. ಮಳೆಗೆ ಆ ಮಣ್ಣು ಕೊಚ್ಚಿಕೊಂಡು ಹೋದರೆ ಹಳ್ಳ ಸೇರುತ್ತದೆ, ಅಲ್ಲಿ ಮೀನು, ಗೊದಮೊಟ್ಟೆಗಳಿಗೆ ಕಷ್ಟ.

ಈಗ ಮನೆಯಲ್ಲಿ ಎಲ್ಲೋ ಗೋಡೆಗೆ ಸಿಕ್ಕಿಸಿಟ್ಟ ಮಣ್ಣು ಆರೋಗ್ಯ ಕಾರ್ಡ್ ತೆಗೆಯಿರಿ. 2015ರಲ್ಲಿ ಶುರುವಾದ ಯೋಜನೆ, ಹನ್ನೆರಡು ಅಂಶ ಪರೀಕ್ಷೆ ಮಾಡುತ್ತಾರೆ. ಸಾರಜನಕ, ರಂಜಕ, ಪೊಟ್ಯಾಶ್ ಅಂತ ಕೆಳಗೆ ಬಂದರೆ ಸತು, ಕಬ್ಬಿಣದ ಜೊತೆ ತಾಮ್ರವೂ ಇದೆ! ಆದರೆ ಅಲ್ಲಿ ತಾಮ್ರವನ್ನು ಅಳೆಯುವುದು ಗಿಡಕ್ಕೆ ಪೋಷಕಾಂಶ ಅಂತ. ಇಂತಿಷ್ಟಕ್ಕಿಂತ ಕಡಿಮೆ ಇದ್ದರೆ ಕೊರತೆ, ಅದಕ್ಕಿಂತ ಮೇಲಿದ್ದರೆ ಸಾಕಷ್ಟಿದೆ. ಸಾಕಷ್ಟಿಗಿಂತ ಹತ್ತು ಪಟ್ಟು ಇದ್ದರೂ ಅದು ಸಾಕಷ್ಟೇ! ಅಳತೆ ಕೈಯಲ್ಲೇ ಇದೆ, ಆದರೆ ಆ ಅಂಕಿಯನ್ನು ತಗೊಂಡು ತೋಟದ ಕೆಳಗಿನ ಹಳ್ಳದ ನೀರಿನ ವರದಿಯ ಪಕ್ಕ ಇಡುವವರು ಯಾರು? ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ತಾಮ್ರದೊಳಗೆ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು ಅನ್ನುತ್ತದೆ ಭಾರತೀಯ ಮಾನಕ. ಮಣ್ಣಿಗೆ ಒಂದು ಕಾರ್ಡ್, ನೀರಿಗೆ ಇನ್ನೊಂದು ಮಾನಕ, ಎರಡಕ್ಕೂ ಮುಖ ಪರಿಚಯವೇ ಇಲ್ಲ.

ಇದರಲ್ಲಿ ತಾರೀಖಿನದು ಇನ್ನೊಂದು ರಗಳೆ. ಮೊದಲ ಮಳೆ ಬಿದ್ದ ತಕ್ಷಣ ಹತ್ತುಮೀನು ಹಳ್ಳ ಹತ್ತಿ ಗದ್ದೆಗೆ ಬರುತ್ತವೆ. ಟಾರ್ಚ್ ಹಿಡಿದು ರಾತ್ರಿ ಗದ್ದೆ ಬದುವಿನ ಮೇಲೆ ಓಡಾಡದ ಹುಡುಗರು ನಮ್ಮ ಕಡೆ ಕಡಿಮೆ. ಮೃಗಶಿರ, ಆರಿದ್ರಾ ಮಳೆಯ ಹೊತ್ತಿಗೆ ಏಡಿ ಸಾರು, ಕಳಲೆ. ಬೋರ್ಡೋ ಹೊಡೆಯುವುದು ಯಾವಾಗ? ಮಳೆ ನಡುವೆ ಹೊಳವು ಸಿಕ್ಕಿದ ಅದೇ ದಿನಗಳಲ್ಲಿ. ಗದ್ದೆಗೆ ಕಳೆನಾಶಕ ಬೀಳುವುದೂ ಅದರ ಹಿಂದೆ ಮುಂದೆ. ಅಂದರೆ ಹಳ್ಳಕ್ಕೆ ಔಷಧಿ ಇಳಿಯುವುದೂ ಹಳ್ಳದ ಮೀನು ನಮ್ಮ ತಟ್ಟೆಗೆ ಬರುವುದೂ ಹೆಚ್ಚುಕಡಿಮೆ ಒಂದೇ ಕಾಲ. ನೀರಿನ ಸ್ಯಾಂಪಲ್ ಮಾತ್ರ ಫೆಬ್ರವರಿಯಲ್ಲಿ ತೆಗೆದು ಬಾಟಲಿಗೆ ಚೀಟಿ ಅಂಟಿಸಿದರೆ ವರದಿ ಚೆನ್ನಾಗೇ ಬರುತ್ತದೆ ಬಿಡಿ. ಪಂಚಾಯಿತಿಯ ಆ ಕಿಟ್ ಬಗ್ಗೆಯೂ ಒಂದು ಮಾತು. ಅದು ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಎಲ್ಲ ಹೇಳುತ್ತದೆ. ಕೀಟನಾಶಕ ಹೇಳುವುದಿಲ್ಲ. ಅದಕ್ಕೆ ದೊಡ್ಡ ಯಂತ್ರ ಇರುವ ಲ್ಯಾಬೇ ಬೇಕು, ಖರ್ಚು ಜಾಸ್ತಿ. ಹಾಗಾಗಿ ಎಲ್ಲ ಬಾವಿಗೂ ಮಾಡಿ ಅಂತ ಕೇಳಲು ಆಗುವುದಿಲ್ಲ. ಯಾವ ಬಾವಿಗೆ, ಯಾವ ವಾರ, ಯಾವ ರಾಸಾಯನಿಕಕ್ಕೆ ಮಾಡಬೇಕು ಅಂತ ಮೊದಲೇ ಗೊತ್ತಿರಬೇಕು. ಅದು ಗೊತ್ತಾಗುವುದು ಹೊಡೆದವರ ಲೆಕ್ಕ ಇದ್ದರೆ ಮಾತ್ರ.

ಏಡಿ ಅಂದಾಗ ಹಳಬರಿಗೆ ಹಂದಿಗೋಡು ನೆನಪಾಗಿರುತ್ತದೆ. ಸಾಗರ ತಾಲ್ಲೂಕು, 1974-75ರ ಸುಮಾರು. ಕೂಲಿ ಮಾಡಿ ಬದುಕುವ ದಲಿತ ಮನೆಗಳಲ್ಲಿ ಸೊಂಟ, ಮಂಡಿ ಹಿಡಿದು ಜನ ಎದ್ದು ನಡೆಯಲಾರದ ಸ್ಥಿತಿಗೆ ಬಂದರು. ಔಷಧಿ ಹೊಡೆದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣ ಅನ್ನುವ ಅನುಮಾನ ಆಗ ದೊಡ್ಡ ಸುದ್ದಿಯಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು ಬಂದರು, ಕೊನೆಗೆ ಇದು ವಂಶದಲ್ಲಿ ಹರಿದು ಬರುವ ಮೂಳೆ, ಕೀಲಿನ ಕಾಯಿಲೆ ಅಂತ ಸಂಶೋಧಕರು ಹೇಳಿದರು. ಇರಲಿ, ನಾನು ಆ ತೀರ್ಮಾನದ ಜೊತೆ ಜಗಳಕ್ಕೆ ಹೋಗುವುದಿಲ್ಲ. ಆದರೆ ಯಾವ ಗದ್ದೆಗೆ, ಯಾವ ವರ್ಷ, ಏನು ಹೊಡೆದಿದ್ದರು, ಆ ನೀರಿನಲ್ಲಿ ಎಷ್ಟಿತ್ತು, ಏಡಿಯಲ್ಲಿ ಎಷ್ಟಿತ್ತು ಅನ್ನುವ ಲೆಕ್ಕ ಆವತ್ತು ಒಂದು ಕಡೆ ಇದ್ದಿದ್ದರೆ, ಏಡಿ ಕಾರಣವೋ ಅಲ್ಲವೋ ಅನ್ನುವುದಾದರೂ ಬೇಗ ಬಗೆಹರಿಯುತ್ತಿತ್ತು. ಹಿಂದಿನ ಲೆಕ್ಕವನ್ನು ಆಮೇಲೆ ಹುಟ್ಟಿಸಲು ಬರುವುದಿಲ್ಲ.

ನಮಗೆ ಜೋಡಿಸಿ ನೋಡಲು ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಯಾಕೆ ಗೊತ್ತಾ? ಮಂಗನ ಕಾಯಿಲೆಯನ್ನೇ ನೋಡಿ, ಕಾಡಿನ ಉಣುಗು ಕಚ್ಚಿ ಮಂಗನಿಗೂ ಮನುಷ್ಯನಿಗೂ ಬರುವ ಜ್ವರ ಅದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಇವತ್ತು ಕಾಡಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿದ್ದರೆ ಆಶಾ ಕಾರ್ಯಕರ್ತೆಗೋ, ಪಂಚಾಯಿತಿಗೋ, ಫಾರೆಸ್ಟ್‌ನವರಿಗೋ ಫೋನ್ ಹೋಗುತ್ತದೆ. ಪಶುವೈದ್ಯರು ಬರುತ್ತಾರೆ, ಸುತ್ತಲಿನ ಉಣುಗು ಹಿಡಿದು ಪರೀಕ್ಷೆಗೆ ಕಳಿಸುತ್ತಾರೆ, ಆ ಊರಿನಲ್ಲಿ ಜ್ವರ ಬಂದವರ ರಕ್ತ ತೆಗೆಯುತ್ತಾರೆ, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ. ಅರಣ್ಯ, ಪಶುಪಾಲನೆ, ಆರೋಗ್ಯ ಅಂತ ಮೂರು ಇಲಾಖೆ. ಎಲ್ಲ ಸರಿ ಇದೆ ಅಂತಲ್ಲ, 2018-19ರಲ್ಲಿ ಅರಳಗೋಡಿನಲ್ಲಿ ಎಷ್ಟು ಜೀವ ಹೋಯಿತು ಅಂತ ಸಾಗರದವರಿಗೆ ಗೊತ್ತು. ಆದರೆ ಮಂಗನ ಸಾವು, ಉಣುಗು, ಮನುಷ್ಯನ ಜ್ವರ, ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಬೇಕು ಅನ್ನುವ ತಿಳಿವಳಿಕೆ ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳ್ಳದಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿದರೆ ಯಾರಿಗೆ ಫೋನ್ ಮಾಡಬೇಕು? ನೀವೇ ಯೋಚನೆ ಮಾಡಿ. ಯಾರೋ ಯುವಕರು ವಿಡಿಯೋ ಮಾಡಿ ವಾಟ್ಸಾಪ್‌ಗೆ ಬಿಡುತ್ತಾರೆ, ಎರಡು ದಿನ ಓಡಾಡುತ್ತದೆ, ಅಷ್ಟರಲ್ಲಿ ನೀರು ಹರಿದು ಹೋಗಿರುತ್ತದೆ.

ಜೋಡಿಸುವ ಕೊಂಡಿಯೂ ನಮ್ಮ ಹತ್ತಿರ ತಯಾರಿದೆ. ಸರ್ವೆ ನಂಬರ್! ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರ್‌ಗೆ ಬಂದು ಎಷ್ಟೋ ವರ್ಷವಾಯಿತು, ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಯಾವ ಸರ್ವೆ ನಂಬರಿನಲ್ಲಿ ಏನು ಬೆಳೆ ಅಂತ ಫೋಟೋ ಸಮೇತ ಹಾಕುತ್ತಾರೆ, ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ನಂಬರ್ ಬರುತ್ತದೆ. ಮಣ್ಣಿನ ಕಾರ್ಡಿಗೂ ಸರ್ವೆ ನಂಬರ್ ಇದೆ. ಬಾವಿಗೆ, ನಲ್ಲಿಗೆ, ಹಳ್ಳದ ಸ್ಯಾಂಪಲ್ಲಿಗೆ ಅದನ್ನೇ ಬರೆದರೆ ಏನು ಗಂಟು ಹೋಗುತ್ತದೆ? ಒಂದು ತೊಡಕಿದೆ ನಿಜ. ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ, ಇಳಿಜಾರು ಮಾತ್ರ ಗೊತ್ತು. ಮೇಲೆ ಗುಡ್ಡದಲ್ಲಿ ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದವರು ಮುಂದಿನ ವರ್ಷ ಬೇರೆ ಊರಿನಲ್ಲಿರುತ್ತಾರೆ, ಕೆಳಗೆ ಅಬ್ಬಿ ನೀರು, ಅಂದರೆ ಗುಡ್ಡದಿಂದ ಹರಿದು ಬರುವ ನೀರು, ಪೈಪಿನಲ್ಲಿ ಇಳಿಸಿಕೊಂಡವರು ಮಾತ್ರ ಅಲ್ಲೇ ಇರುತ್ತಾರೆ. ಹಾಗಾಗಿ ನಕ್ಷೆ ಮಾಡುವಾಗ ಊರಿನ ಗಡಿ ಮರೆತು ಹಳ್ಳದ ಜಾಡು ಹಿಡಿಯಬೇಕು. ಔಷಧಿಯ ಹೆಸರನ್ನೂ ಅಂಗಡಿಯ ಬ್ರ್ಯಾಂಡ್ ಹೆಸರಿನಲ್ಲಿ ಬರೆದರೆ ಸಾಲದು, ಒಳಗಿನ ರಾಸಾಯನಿಕ ಯಾವುದು ಅಂತ ಬರೆಯಬೇಕು. ಒಂದೇ ಸರಕು ಹತ್ತು ಹೆಸರಿನಲ್ಲಿ ಮಾರಾಟವಾಗುತ್ತದೆ.

ಇದು ಆಗದ ಕೆಲಸ ಅನ್ನುವವರಿಗೆ ಕ್ಯಾಲಿಫೋರ್ನಿಯಾ ತೋರಿಸುತ್ತೇನೆ. ಅಲ್ಲಿ 1990ರಿಂದ ರೈತರು ಹೊಲಕ್ಕೆ ಏನು, ಎಷ್ಟು, ಎಲ್ಲಿ, ಯಾವತ್ತು ಹೊಡೆದರು ಅಂತ ವರದಿ ಕೊಡಲೇಬೇಕು. ಆ ಲೆಕ್ಕ ಸಾರ್ವಜನಿಕವಾಗಿ ಸಿಗುತ್ತದೆ. ಅಂತರ್ಜಲದ ಪರೀಕ್ಷೆಯನ್ನೂ ಜನರ ಆರೋಗ್ಯದ ಅಧ್ಯಯನವನ್ನೂ ಅದರ ಜೊತೆ ಇಟ್ಟು ನೋಡುತ್ತಾರೆ. ಅವರು ದುಡ್ಡಿದ್ದವರು, ಒಪ್ಪಿದೆ. ನಮಗೆ ಹೆಬ್ಬೆಟ್ಟಿನ ಮಷೀನ್ ಇಲ್ವಾ?

ರೈತರ ಭಯ ನನಗೆ ಅರ್ಥವಾಗುತ್ತದೆ. ನಾಳೆ ಯಾವುದೋ ಅಂಕಿ ಹಿಡಿದು ಇಂಥ ಊರಿನ ಮೆಣಸಿನಲ್ಲಿ ವಿಷ ಇದೆ ಅಂತ ಟಿವಿಯಲ್ಲಿ ಕೂಗಿದರೆ ರೇಟ್ ಬೀಳುವುದು ಬೆಳೆದವರಿಗೆ, ಔಷಧಿ ಮಾರಿದ ಕಂಪನಿಗಲ್ಲ. ಹಾಗಾಗಿ ಹೊಲದ ಯಜಮಾನರ ಹೆಸರು ಹೊರಗೆ ಬರಬಾರದು, ಹಳ್ಳದ ಮಟ್ಟದ ಲೆಕ್ಕ ಮಾತ್ರ ಎಲ್ಲರಿಗೂ ಕಾಣಬೇಕು. ಇದನ್ನು ನಿಯಮದಲ್ಲೇ ಬರೆಯಬೇಕು, ಬಾಯಿಮಾತಿನಲ್ಲಿ ಅಲ್ಲ. ಇನ್ನೊಂದು ಕಡೆಯಿಂದ ನೋಡಿ. ಹೊರದೇಶಕ್ಕೆ ಹೋಗುವ ಮೆಣಸನ್ನು ಅಲ್ಲಿನ ಕೊಳ್ಳುವವರು ಕೀಟನಾಶಕಕ್ಕೆ ಪರೀಕ್ಷೆ ಮಾಡಿಸಿಯೇ ತಗೊಳ್ಳುತ್ತಾರೆ. ಅದೇ ಮೆಣಸಿನ ಬಳ್ಳಿಯ ಬುಡದಲ್ಲಿರುವ ಬಾವಿ ನೀರು ಕುಡಿಯುವ ನಮಗೆ ಆ ಭಾಗ್ಯ ಇಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಬೀದಿದೀಪದ ಜೊತೆ ಇದನ್ನೂ ಕೇಳಿ. ನಮ್ಮೂರ ನೀರಿನ ಸ್ಯಾಂಪಲ್ ಯಾವ ತಿಂಗಳು ತೆಗೆದಿರಿ, ಯಾವ ಜಾಗದಲ್ಲಿ ತೆಗೆದಿರಿ, ಜೂನ್, ಜುಲೈನಲ್ಲಿ ಒಂದು ಸಲವಾದರೂ ತೆಗೆದಿದ್ದೀರಾ? ಉತ್ತರ ಏನು ಬಂತು ಅಂತ ಊರಿನ ಹೆಸರು ಹಾಕಿ ಕಾಮೆಂಟ್‌ನಲ್ಲಿ ಬರೆಯಿರಿ. ತೀರ್ಥಹಳ್ಳಿ, ಹೊಸನಗರ, ಸೊರಬ ಕಡೆಯವರು ಬರೆದದ್ದನ್ನು ನಾನು ಹಳ್ಳದ ಪ್ರಕಾರ ಒಂದು ಹಾಳೆಗೆ ಹಾಕಿ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.