ಬರೆಯುವವರ ಕಿವಿ

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಬರೆಯುವವರು ಕೈಯಲ್ಲಿ ಕಾಗದ ಹಿಡಿದು ಬರುತ್ತಾರೆ. ನಾನು ಓದೋಕೆ ಮೊದಲೇ ಹೇಳಿಬಿಡುತ್ತಾರೆ, ‘ಸುಮ್ನೆ ಗೀಚಿದ್ದು, ಅಂಥದ್ದೇನಿಲ್ಲ.’ ಸುಮ್ನೆ ಗೀಚಿದ್ದಾಗಿದ್ದರೆ ಅಷ್ಟು ನೀಟಾಗಿ ಪ್ರತಿ ಮಾಡಿ ತರುತ್ತಿರಲಿಲ್ಲ, ಅಲ್ವಾ? ಆಮೇಲೆ ಕೇಳುತ್ತಾರೆ, ‘ಚೆನ್ನಾಗಿದೆಯಾ?’

ಬರೆಯುವವರಿಗೆ ತಮ್ಮ ಮೇಲೆ ನಂಬಿಕೆ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾವುದರ ಮೇಲೆ ಅಂತ ಬಿಡಿಸಿ ಹೇಳುವವರು ಕಡಿಮೆ. ‘ನಾನು ಒಳ್ಳೆಯ ಬರಹಗಾರ’ ಅನ್ನುವ ನಂಬಿಕೆಯಾ? ಅದು ಜಾಸ್ತಿಯಾದವರು ತಿದ್ದುವುದನ್ನೇ ಬಿಟ್ಟುಬಿಡುತ್ತಾರೆ. ಅಂಥವರು ನಿಮಗೂ ಗೊತ್ತಿರಬಹುದು, ಹೆಸರು ಬೇಡ. ನಂಬಬೇಕಾದದ್ದು ನಮ್ಮ ಕಿವಿಯನ್ನು. ಬರೆದದ್ದನ್ನು ಓದಿಕೊಳ್ಳುವಾಗ ಎಲ್ಲೋ ಒಂದು ಕಡೆ ತಡವರಿಸುತ್ತೇವಲ್ಲ, ಆ ತಡವರಿಕೆಯನ್ನು.

ಬರೆಯುವಾಗ ಬರುವ ಸಂಶಯದಲ್ಲಿ ಎರಡು ಥರ ಇದೆ. ಒಂದು, ‘ಇದನ್ನೆಲ್ಲ ಯಾರು ಓದುತ್ತಾರೆ, ನಿನಗ್ಯಾಕೆ ಬೇಕಿತ್ತು’ ಅನ್ನುವುದು. ಎಲ್ಲಿ ತಪ್ಪಿದೆ ಅಂತ ಕೇಳಿ ನೋಡಿ, ಅದರ ಹತ್ತಿರ ಉತ್ತರ ಇರುವುದಿಲ್ಲ. ಇನ್ನೊಂದು ಸದ್ದು ಮಾಡುವುದಿಲ್ಲ. ಮೂರನೇ ಪ್ಯಾರಾ, ಎರಡನೇ ಸಾಲು, ಈ ಪದ, ಅಂತ ಬೆರಳಿಟ್ಟು ತೋರಿಸುತ್ತದೆ. ನಾವು ಮಾಡುವ ಎಡವಟ್ಟು ಅಂದರೆ, ಮೊದಲನೆಯದಕ್ಕೆ ಹೆದರಿ ಬರೆಯುವುದನ್ನೇ ನಿಲ್ಲಿಸುತ್ತೇವೆ. ಎರಡನೆಯದನ್ನು ‘ಹೋಗಲಿ ಬಿಡು, ಯಾರು ನೋಡುತ್ತಾರೆ’ ಅಂತ ದಾಟಿಹೋಗುತ್ತೇವೆ.

ಒಂದು ಉದಾಹರಣೆ ಕೊಡುತ್ತೇನೆ, ಈ ಮಾತಿಗಾಗಿಯೇ ಕಟ್ಟಿದ್ದು.

‘ಅಜ್ಜಿಯ ಸಾವಿನಿಂದ ಮನೆಯಲ್ಲಿ ದುಃಖದ ಕಾರ್ಮೋಡ ಕವಿಯಿತು.’

ವ್ಯಾಕರಣ ಸರಿಯಾಗಿದೆ. ಯಾರೂ ತಪ್ಪು ಹಿಡಿಯುವುದಿಲ್ಲ. ಅದಕ್ಕೇ ನಾವು ಇದನ್ನು ಬರೆಯುವುದು. ಈ ಸಾಲು ಈಗಾಗಲೇ ಸಾವಿರ ಕಡೆ ಪಾಸಾಗಿದೆ. ಆದರೆ ಇದರಲ್ಲಿ ಅಜ್ಜಿ ಎಲ್ಲಿದ್ದಾರೆ? ಬರೆದವರು ನಿಜವಾಗಿ ಕಂಡದ್ದು ಏನು? ಕೇಳಿದರೆ ಹೇಳುತ್ತಾರೆ. ಸರಿ, ಅದನ್ನೇ ಬರೆಯಿರಿ ಅಂದರೆ ಹೀಗೆ ಬರುತ್ತದೆ:

‘ಮರುದಿನ ಬೆಳಿಗ್ಗೆ ಅಜ್ಜಿಯ ಕನ್ನಡಕ ಕಿಟಕಿಯಲ್ಲೇ ಇತ್ತು. ಎಲ್ಲರೂ ನೋಡಿದರು. ಯಾರೂ ಎತ್ತಿಡಲಿಲ್ಲ. ಎಲ್ಲರ ಮನಸ್ಸೂ ಅಷ್ಟು ಭಾರವಾಗಿತ್ತು.’

ಮೊದಲ ಮೂರು ವಾಕ್ಯ ಬರೆದ ಕೈಗೆ ನಂಬಿಕೆ ಇತ್ತು. ನಾಲ್ಕನೆಯದಕ್ಕೆ ಬರುವಾಗ ಅದು ಹೋಯಿತು. ಓದುವವರಿಗೆ ಅರ್ಥವಾಗುತ್ತೋ ಇಲ್ಲವೋ ಅಂತ ಭಯ ಬಂತು, ವಿವರಣೆ ಬಂತು. ನಂಬಿಕೆ ಇಲ್ಲ ಅನ್ನುವುದು ಹೀಗೆ ಪುಟದ ಮೇಲೇ ಕಾಣುತ್ತದೆ. ಒಂದು ಹೋಲಿಕೆ ಸಾಕಾದಲ್ಲಿ ಎರಡು ಬರುತ್ತವೆ. ‘ಒಂದು ರೀತಿಯಲ್ಲಿ’, ‘ಅನ್ನಬಹುದೇನೋ’ ಬಂದು ಕೂರುತ್ತವೆ. ನಾಲ್ಕನೇ ವಾಕ್ಯವನ್ನು ಜೋರಾಗಿ ಓದಿದರೆ ದನಿ ಸ್ವಲ್ಪ ಇಳಿಯುತ್ತದೆ, ಗಮನಿಸಿ. ನಾನು ಕಿವಿ ಅನ್ನುತ್ತಿರುವುದು ಇದಕ್ಕೇ.

1862ರಲ್ಲಿ ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ತಮ್ಮ ನಾಲ್ಕು ಕವಿತೆಗಳನ್ನು ಥಾಮಸ್ ಹಿಗ್ಗಿನ್ಸನ್ ಅನ್ನುವ ಲೇಖಕರಿಗೆ ಕಳಿಸಿದರು. ಇವುಗಳಲ್ಲಿ ಜೀವ ಇದೆಯಾ ಅಂತ ಕೇಳಿದರು. ಚೆನ್ನಾಗಿದೆಯಾ ಅಂತ ಅಲ್ಲ, ನೋಡಿ. ಕವಿತೆಯ ನಡಿಗೆ, ಅಂದರೆ ಲಯ, ಸರಿಯಿಲ್ಲ, ಅಚ್ಚು ಹಾಕಿಸಲು ಅವಸರ ಬೇಡ ಅನ್ನುವ ಧಾಟಿಯ ಉತ್ತರ ಬಂತು. ಡಿಕಿನ್ಸನ್ ಜಗಳಕ್ಕೆ ಹೋಗಲಿಲ್ಲ. ನಿಮ್ಮ ಶಿಷ್ಯೆ ಅಂತಲೇ ಎರಡು ದಶಕಕ್ಕೂ ಹೆಚ್ಚು ಕಾಲ ಅವರಿಗೆ ಪತ್ರ ಬರೆದರು. ಆದರೆ ಆ ನಡಿಗೆಯನ್ನು ಬದಲಾಯಿಸಲಿಲ್ಲ, ಸಾಲಿನ ನಡುವೆ ಎಳೆಯುತ್ತಿದ್ದ ಅಡ್ಡಗೆರೆಗಳನ್ನು ಬಿಡಲಿಲ್ಲ. 1886ರಲ್ಲಿ ತೀರಿಕೊಂಡಾಗ ಸುಮಾರು 1800 ಕವಿತೆ ಬರೆದಿಟ್ಟಿದ್ದರು. ಅಚ್ಚಾಗಿದ್ದವು ಹತ್ತರ ಆಸುಪಾಸು. 1890ರಲ್ಲಿ ಮೊದಲ ಸಂಕಲನ ತರುವಾಗ ಇದೇ ಹಿಗ್ಗಿನ್ಸನ್ ಮತ್ತು ಮೇಬಲ್ ಟಾಡ್ ಸೇರಿ ಆ ಅಡ್ಡಗೆರೆಗಳನ್ನು ತೆಗೆದುಹಾಕಿದರು, ಪ್ರಾಸ ಸರಿಮಾಡಿದರು, ತಲೆಬರಹ ಕೊಟ್ಟರು. ಕವಿ ಬರೆದದ್ದಕ್ಕೆ ಹತ್ತಿರವಾದ ಪೂರ್ತಿ ಸಂಪುಟ ಬಂದದ್ದು 1955ರಲ್ಲಿ. ಈಗ ಆ ಗೆರೆಗಳನ್ನು ನೋಡಿಯೇ ಜನ ಡಿಕಿನ್ಸನ್ ಅಂತ ಗುರುತು ಹಿಡಿಯುತ್ತಾರೆ.

ಕೊನೆಗೆ ಗೆದ್ದರು ಅನ್ನುವುದಕ್ಕೆ ಇದನ್ನು ಹೇಳುತ್ತಿಲ್ಲ. ತಮ್ಮನ್ನು ನಂಬಿಯೂ ಗೆಲ್ಲದವರು ಬೇಕಾದಷ್ಟು ಜನ ಇದ್ದಾರೆ. ಆಕೆ ಕೇಳಿದರು, ಪೂರ್ತಿ ಕೇಳಿಸಿಕೊಂಡರು, ಆಮೇಲೆ ತೀರ್ಮಾನ ತಾವೇ ಮಾಡಿದರು. ನನಗೆ ಹಿಡಿಸಿದ್ದು ಅಷ್ಟೇ.

ಹಾಗಂತ ಹೊರಗಿನವರ ಮಾತೇ ಬೇಡ ಅಂತಲ್ಲ. ಕುವೆಂಪು ಮೊದಲು ಇಂಗ್ಲಿಷ್‌ನಲ್ಲಿ ಕವಿತೆ ಬರೆಯುತ್ತಿದ್ದರು, 1922ರಲ್ಲಿ ಪುಸ್ತಕವೂ ಬಂತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ಕುವೆಂಪು ಅವರಿಗೆ ಆ ಮಾತು ಹಿಡಿಸಲಿಲ್ಲ. ಆದರೂ ಬರೆದು ನೋಡಿದರು. ಈ ಕಥೆಯನ್ನು ಹಿರಿಯರ ಸಲಹೆಯ ಮಹಿಮೆ ಅಂತ ಹೇಳುವುದು ರೂಢಿ. ‘ಬರೆದು ನೋಡಿದರು’ ಅನ್ನುವುದೇ ಅದರಲ್ಲಿ ದೊಡ್ಡದು ಅಂತ ನನಗೆ ಅನಿಸುತ್ತದೆ. ಕನ್ನಡದ ಸಾಲು ಸರಿಬಂತಾ ಅಂತ ಹೇಳಲು ಕಸಿನ್ಸ್ ಪಕ್ಕದಲ್ಲಿ ಕೂತಿರಲಿಲ್ಲ.

ಇನ್ನು ಈ ಕಿವಿಯ ಮೇಲೆ ನಂಬಿಕೆ ಬರುವುದು ಹೇಗೆ? ಹೊಗಳಿಕೆಯಿಂದ ಬರುವುದಿಲ್ಲ. ಹೊಗಳಿಕೆ ಎರಡು ದಿನ ಇರುತ್ತದೆ. ನಾನು ಹೇಳುವುದು ಲೆಕ್ಕ ಇಡುವ ದಾರಿ. ಬರಹವನ್ನು ಯಾರಿಗಾದರೂ ಕೊಡುವ ಮುಂಚೆ ನಿಮ್ಮ ಪ್ರತಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಇಲ್ಲಿ ಎಳೆದೆ, ಇಲ್ಲಿ ಸುಳ್ಳು ಅನಿಸುತ್ತೆ, ಇಲ್ಲಿ ಚೆನ್ನಾಗಿ ಬಂತು, ಅಂತ. ಓದುವವರಿಗೆ ಗುರುತಿಲ್ಲದ ಪ್ರತಿ ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಎಲ್ಲಿ ಬೇಜಾರಾಯಿತು, ಎಲ್ಲಿ ಹಿಂದೆ ಹೋಗಿ ಮತ್ತೆ ಓದಿದಿರಿ ಅಂತ ಕೇಳಿ. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬಹಳ ಕಡೆ ಅವರು ತೋರಿಸಿದ ಜಾಗ ನಿಮಗೆ ಮೊದಲೇ ಗೊತ್ತಿರುತ್ತದೆ. ಕೆಲವು ಕಡೆ ಗೊತ್ತಿರುವುದಿಲ್ಲ, ಅದೂ ತಿಳಿಯಬೇಕಾದದ್ದೇ. ಇದನ್ನು ಬರಹದಿಂದ ಬರಹಕ್ಕೆ ಮಾಡುತ್ತ ಹೋದರೆ, ನಿಮ್ಮ ಕಿವಿ ಯಾವುದರಲ್ಲಿ ಚುರುಕು, ಯಾವುದರಲ್ಲಿ ಮಂದ ಅಂತ ಗೊತ್ತಾಗುತ್ತದೆ.

ಬರೆದದ್ದು ತಂದಿರುವವರು ಈಗ ತೆಗೆಯಿರಿ. ಪೆನ್ಸಿಲ್ ಇಲ್ಲದವರಿಗೆ ಇಲ್ಲಿ ಇಟ್ಟಿದ್ದಾರೆ. ಮೊದಲ ಪುಟ ಸಾಕು. ಹತ್ತು ನಿಮಿಷ ಗುರುತು ಹಾಕಿ, ಆಮೇಲೆ ಪಕ್ಕದವರ ಜೊತೆ ಬರಹ ಬದಲಾಯಿಸಿಕೊಳ್ಳಿ.