ದುಬೈಯೋ, ಕಾಸರಗೋಡೋ: ಬದುಕನ್ನು ಹೇಗೆ ಅಳೆಯೋಣ?

ಎಲ್ಲರಿಗೂ ನಮಸ್ಕಾರ.

ಉಪ್ಪಳ, ಕುಂಬಳೆ, ಬದಿಯಡ್ಕ... ನಮ್ಮ ಕಾಸರಗೋಡಿನ ಕಡೆ ಎಲ್ಲಿ ಹೋದರೂ ಗಲ್ಫ್‌ನ ನಂಟಿರುವ ಮನೆಗಳು ಸಿಗುತ್ತವೆ. ಅಲ್ಲಿಯ ಬದುಕು ಚೆಂದವೋ, ಇಲ್ಲಿಯದೋ ಎಂಬ ಚರ್ಚೆ ಮದುವೆ ಊಟದ ಪಂಕ್ತಿಯಲ್ಲೂ ನಡೆಯುತ್ತದೆ. ಇವತ್ತು ಅದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಲೆಕ್ಕ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 1990ರಿಂದ ಮಾನವ ಅಭಿವೃದ್ಧಿ ಸೂಚ್ಯಂಕ ಪ್ರಕಟಿಸುತ್ತಿದೆ. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಇದನ್ನು ರೂಪಿಸಿದರು, ನಮ್ಮ ಅಮರ್ತ್ಯ ಸೇನ್ ಕೈಜೋಡಿಸಿದರು. ಆಯಸ್ಸು, ಓದು, ಆದಾಯ ಮೂರೂ ಸೇರಿ ಒಂದು ಅಂಕ. 2025ರ ವರದಿಯಲ್ಲಿ ದುಬೈ ಇರುವ ದೇಶ ಯುಎಇಗೆ 15ನೇ ಸ್ಥಾನ, ಭಾರತಕ್ಕೆ 130. ಇಷ್ಟಕ್ಕೇ ಮಾತು ಮುಗಿಯಿತು ಅನ್ನಿಸಬಹುದು, ಅಲ್ವಾ?

ಆದರೆ ಯುಎಇಯಲ್ಲಿರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೊರದೇಶದವರು. ವಿಲ್ಲಾದಲ್ಲಿರುವವನೂ ಅದೇ ಸರಾಸರಿಯಲ್ಲಿದ್ದಾನೆ, ದುಬೈಯ ದೇರಾದಲ್ಲಿ ಬೆಡ್ ಸ್ಪೇಸ್ ಹಿಡಿದಿರುವ ನಮ್ಮ ಹುಡುಗನೂ ಇದ್ದಾನೆ. ಬೆಡ್ ಸ್ಪೇಸ್ ಅಂದರೆ ಬಾಡಿಗೆಗೆ ಸಿಗುವುದು ಮಂಚ ಮಾತ್ರ. ಒಂದರ ಮೇಲೊಂದು ಕಬ್ಬಿಣದ ಮಂಚ. ಸುತ್ತ ಒಂದು ಪರದೆ. ಮಂಚದ ಕೆಳಗೆ ಸೂಟ್‌ಕೇಸ್, ತಲೆಯ ಹತ್ತಿರ ಚಾರ್ಜರ್. ಮೇಲಿನವನು ರಾತ್ರಿ ಪಾಳಿಗೆ ಎದ್ದರೆ ಕೆಳಗಿನವನಿಗೂ ಎಚ್ಚರ. ಮಗುವಿಗೆ ಜ್ವರ ಎಂದು ಹೆಂಡತಿ ಫೋನ್ ಮಾಡಿದರೆ ಅವನು ಆ ಪರದೆಯೊಳಗೇ ದನಿ ತಗ್ಗಿಸಿ ಸಮಾಧಾನ ಹೇಳಬೇಕು. ಸಂಸಾರ ಕರೆಸಿಕೊಳ್ಳಲು ಕನಿಷ್ಠ 4000 ದಿರ್ಹಮ್ ಸಂಬಳ ಬೇಕು, ಅಥವಾ 3000 ಮತ್ತು ವಸತಿ. ಅಷ್ಟು ಇಲ್ಲದವನ ಮನೆ ಇಲ್ಲಿ, ದುಡಿಮೆ ಅಲ್ಲಿ.

ಅಲ್ಲಿಯ ಒಳ್ಳೆಯದನ್ನೂ ಹೇಳಲೇಬೇಕು. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. 2009ರಲ್ಲಿ ಹೊಸ ವ್ಯವಸ್ಥೆ ಬಂದ ಮೇಲೆ ಸಂಬಳ ಬ್ಯಾಂಕ್ ಮೂಲಕ ಹೋಗುತ್ತದೆ, ತಡವಾದರೆ ಸರ್ಕಾರಕ್ಕೆ ಗೊತ್ತಾಗುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ನಮ್ಮಲ್ಲಿ ತಾರು ಹಾಕುವವರಿಗೂ ಇಂಥ ಬಿಡುವು ಕಟ್ಟುನಿಟ್ಟಾಗಿ ಸಿಗಬೇಕು.

ಆದರೂ ಆ ದೇಶ ನಮ್ಮ ಹುಡುಗನಿಂದ ಪಡೆಯುವುದು ಗಟ್ಟಿಮುಟ್ಟಾದ ವರ್ಷಗಳನ್ನು ಮಾತ್ರ. ಅವನನ್ನು ಹೆತ್ತು, ಲಸಿಕೆ ಹಾಕಿಸಿ, ಓದಿಸಿದ್ದು ಈ ಊರು. ಸಕ್ಕರೆ ಕಾಯಿಲೆ, ಸೊಂಟ ನೋವು ಹಿಡಿದುಕೊಂಡು ಅವನು ವಾಪಸ್ ಬರುವುದೂ ಇಲ್ಲಿಗೇ. ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಆದ್ದರಿಂದ ದೇಶಕ್ಕೆ ದೇಶವನ್ನು ಹೋಲಿಸುವುದರಿಂದ ನಮಗೆ ಹೆಚ್ಚು ಪ್ರಯೋಜನವಿಲ್ಲ. ತೊಟ್ಟಿಲಿನಿಂದ ಮುಪ್ಪಿನವರೆಗೆ ಒಬ್ಬ ಮನುಷ್ಯನ ಇಡೀ ಬದುಕನ್ನು ಹಿಡಿದು ನೋಡಬೇಕು ಎಂಬುದು ನನ್ನ ಮಾತು.

ಹಾಗೆ ನೋಡಿದರೆ ನಮ್ಮ ಕೇರಳ ರಾಜ್ಯ ಸಣ್ಣದಲ್ಲ. 2020ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 28 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡರು. ಕೇರಳದಲ್ಲಿ ಆ ಸಂಖ್ಯೆ 6. ಯುಎಇಯೂ ಹೆಚ್ಚುಕಡಿಮೆ ಅಲ್ಲೇ ಇದೆ.

ಆದರೆ ಅದೇ 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಸ್ಥಿತಿ ಏನಾಯಿತು? ಒಳರಸ್ತೆಗಳಿಗೆ ಮಣ್ಣು ಸುರಿದರು. ಆಂಬ್ಯುಲೆನ್ಸ್‌ಗಳು ವಾಪಸ್ ಬಂದವು. ಮಂಗಳೂರಿನ ಆಸ್ಪತ್ರೆ ಸೇರಲಾಗದೆ ನಮ್ಮವರು ಪ್ರಾಣ ಬಿಟ್ಟರು. ನಮ್ಮ ಜಿಲ್ಲೆಯದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರಲ್ಲಿ. ಇವತ್ತಿಗೂ ಎದೆನೋವು ಬಂದರೆ ನಾವು ಕಾರು ತಿರುಗಿಸುವುದು ಮಂಗಳೂರಿನ ಕಡೆಗೇ. ಗಲ್ಫ್ ದುಡ್ಡಿನಲ್ಲಿ ಮನೆಗೆ ಮಾರ್ಬಲ್ ಹಾಕಿಸಬಹುದು. ಹೃದಯದ ಡಾಕ್ಟರನ್ನು ಊರಿಗೆ ತರಿಸುವುದು ಒಂದು ಮನೆಯ ಕೈಯಲ್ಲಿಲ್ಲ. ಅದನ್ನು ನಾವೆಲ್ಲ ಒಟ್ಟಾಗಿ ಸರ್ಕಾರದಿಂದ ಕೇಳಿ ಪಡೆಯಬೇಕು.

ಕೊನೆಗೆ, ಮಕ್ಕಳನ್ನು ಕಳಿಸುವ ಮನೆಯವರಿಗೆ ಎರಡು ಮಾತು. ಒಪ್ಪಂದದಲ್ಲಿ ಒಟ್ಟು ಸಂಬಳ ಮಾತ್ರ ನೋಡಬೇಡಿ, ಮೂಲ ವೇತನ ಎಷ್ಟು ಅಂತ ನೋಡಿ. ಅಲ್ಲಿ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಲೆಕ್ಕ ಹಾಕುವುದು ಅದರ ಮೇಲೆ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ವೇತನ, ಆಮೇಲೆ 30 ದಿನದ್ದು. ಇನ್ನೊಂದು, ಹೊರಗೆ ದುಡಿಯುವವರಿಗಾಗಿ ಇರುವ ಕೇರಳದ ಪ್ರವಾಸಿ ಕ್ಷೇಮನಿಧಿ. 60 ದಾಟುವ ಮೊದಲೇ ಸೇರಬೇಕು, ಕನಿಷ್ಠ ಐದು ವರ್ಷ ವಂತಿಗೆ ಕಟ್ಟಬೇಕು, ಆಗ ಪಿಂಚಣಿ ಬರುತ್ತದೆ. ಅರ್ಜಿ ತುಂಬಲು ಕಷ್ಟವಾದವರು ಸಭೆ ಮುಗಿದ ಮೇಲೆ ಹೋಗಬೇಡಿ, ಇಲ್ಲೇ ಒಟ್ಟಿಗೆ ಕೂತು ತುಂಬೋಣ.