ಕತ್ತಿ ಹಣಿಸೋಕೆ ಹೋದಾಗ ಕಲ್ಲಿದ್ದಲಿನ ಮಾತು

ನಮಸ್ಕಾರ, ಸಕಲೇಶಪುರದಿಂದ. ಮರಗಸಿ, ಅಂದ್ರೆ ತೋಟದ ನೆರಳಿನ ಮರದ ಕೊಂಬೆ ಸವರೋ ಕೆಲಸ, ಶುರುವಾಗೋ ಹೊತ್ತು. ಅಪ್ಪನ ಮೂರು ಕತ್ತಿ ಹಣಿಸ್ಬೇಕಿತ್ತು, ಅಂದ್ರೆ ಕಾಯಿಸಿ ಬಡಿದು ಹರಿತ ಮಾಡಿಸ್ಬೇಕಿತ್ತು, ಕುಲುಮೆಗೆ ಬಂದಿದೀನಿ. ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ, ನೋಡ್ತಿದೀರಲ್ಲ.

ರೇಟು ಕೇಳಿ. ಕತ್ತಿಗೆ 120 ರೂಪಾಯಿ! ಹೋದ ವರ್ಷ 80 ಕೊಟ್ಟಿದ್ದೆ. "ಜಾಸ್ತಿ ಆಯ್ತು ಆಚಾರ್ರೇ" ಅಂದೆ. ಅವರು ಸುತ್ತಿಗೆ ಕೆಳಗಿಟ್ಟು ಮೂಲೆಲಿದ್ದ ಚೀಲ ತೋರಿಸಿದ್ರು. "ಕಲ್ಲಿದ್ದಲು ನಮ್ಮ ಕಡೆ ಅಗೆದ್ರೆ ಸಿಗುತ್ತೇನು ಮಾರಾಯ? ಚೀಲ ಬಿಚ್ಚಿದ್ರೆ ಅರ್ಧ ಪುಡಿ. ಪುಡಿಗೂ ತೂಕದ ದುಡ್ಡೇ." ಸುರಿದೇ ತೋರಿಸಿದ್ರು. ಅಷ್ಟು ಪುಡಿ ಯಾವ ನ್ಯಾಯ ಹೇಳಿ? ಹಾಗೇ ಹಾಕಿದ್ರೆ ಬ್ಲೋವರ್ ಗಾಳಿಗೆ ಹಾರಿಹೋಗುತ್ತೆ, ನೀರು ಚಿಮುಕಿಸಿ ಬೆಂಕಿ ಸುತ್ತ ಒತ್ತಬೇಕಂತೆ. ಆದ್ರೂ 120 ಜಾಸ್ತೀನೇ ಅನ್ನಿಸ್ತು.

ಒಂದು ತುಂಡು ಎತ್ಕೊಂಡೆ. ಒಂದು ಮಗ್ಗುಲು ಗಾಜಿನ ಹಾಗೆ ಮಿರಮಿರ. ಕಪ್ಪು ಹೆಬ್ಬೆರಳಿನ ಗೆರೆಯೊಳಗೆ ಕೂತಿದ್ದು ಸೋಪಿಗೂ ಹೋಗ್ಲಿಲ್ಲ. ಗಣಿಯಲ್ಲಿ ವರ್ಷಗಟ್ಟಲೆ ದುಡಿದೋರಿಗೆ ಇದೇ ಧೂಳು ಶ್ವಾಸಕೋಶಕ್ಕೆ ಇಳಿಯುತ್ತೆ. ಅದ್ರಿಂದ ಬರೋ ಕಾಯಿಲೆ ವಾಸಿಯಾಗಲ್ಲ.

ನಮ್ಮ ದೇಶದಲ್ಲಿ ಈ ಗಣಿ ಕೆಲಸ ಶುರುವಾಗಿದ್ದು 1774ರಲ್ಲಿ, ಬಂಗಾಳದ ರಾಣಿಗಂಜ್ ಕಡೆ. ಗಣಿ ಕೆಳಗೆ ಮೀಥೇನ್ ಅನ್ನೋ ಉರಿಯೋ ಅನಿಲ ಇರುತ್ತೆ, ಗಾಳೀಲಿ 5ರಿಂದ 15 ಪರ್ಸೆಂಟ್ ಬೆರೆತ್ರೆ ಸಿಡಿಯೋಕೆ ಒಂದು ಕಿಡಿ ಸಾಕು. ಆದ್ರೆ ನನಗೆ ಹೆದರಿಕೆ ಹುಟ್ಟಿಸೋದು ನೀರು. 1975ರ ಡಿಸೆಂಬರ್ 27, ಧನ್‌ಬಾದ್ ಹತ್ರ ಚಾಸ್ನಾಲಾ ಕಲ್ಲಿದ್ದಲು ಗಣಿ. ಹಳೇ ಗಣೀಲಿ ನಿಂತಿದ್ದ ನೀರು ನುಗ್ಗಿ 375 ಜನ ಹೋದ್ರು. ಮಳೆಗಾಲದಲ್ಲಿ ನಮ್ಮ ಹೇಮಾವತಿ ಉಕ್ಕೋದು ನೋಡಿದೀನಿ, ಓಡೋಕೆ ಗುಡ್ಡ ಇದೆ. ಅವರಿಗೆ ಎಲ್ಲಿತ್ತು?

1989ರ ನವೆಂಬರಲ್ಲಿ ರಾಣಿಗಂಜ್‌ನ ಮಹಾಬೀರ್ ಗಣಿಗೂ ನೀರು ನುಗ್ತು. ಜಸ್ವಂತ್ ಸಿಂಗ್ ಗಿಲ್ ಅನ್ನೋ ಎಂಜಿನಿಯರ್ ನೆಲ ಕೊರೆಸಿ, ಸ್ಟೀಲಿನ ಕ್ಯಾಪ್ಸೂಲ್ ಮಾಡಿಸಿ, ಅದ್ರೊಳಗೆ ತಾವೇ ಇಳಿದ್ರು. 65 ಜನ ಒಬ್ಬೊಬ್ಬರಾಗಿ ಮೇಲೆ ಬಂದ್ರು. ಆರು ಜನ ಉಳೀಲಿಲ್ಲ. ತೂತಿನ ಅಗಲ 22 ಇಂಚು. ಆಚಾರ್ರು ಕತ್ತಿ ಅದ್ದೋ ಈ ಡ್ರಮ್ ಇದೆಯಲ್ಲ, ಟೇಪ್ ಹಿಡಿದೆ, ಹೆಚ್ಚುಕಮ್ಮಿ ಅಷ್ಟೇ ಅಗಲ. ಕತ್ತಲಲ್ಲಿ, ಇಷ್ಟರೊಳಗೆ ನಿಂತ್ಕೊಂಡು ಇಳಿಯೋದು!

120 ಜಾಸ್ತಿ ಅಂದಿದ್ನಲ್ಲ, ಆ ಮಾತು ವಾಪಸ್. 360 ಎಣಿಸಿ ಕೊಟ್ಟೆ. ಪುಡಿ ತುಂಬಿ ಮಾರೋರ ಮೇಲಿನ ಸಿಟ್ಟು ಮಾತ್ರ ಹಾಗೇ ಇದೆ.

ಅಯ್ಯೋ, ಕತ್ತಿ ಕೆಂಪಾಗಿ ಬಂತು, ಸೌಂಡ್ ಜಾಸ್ತಿ ಇಟ್ಕೊಳ್ಳಿ, ಅದ್ದುತ್ತಾ ಇದಾರೆ.